ಮಳೆನಾಡಿನ ಅಂಗಳದಲ್ಲಿ ಗುಲಾಬಿ

ಮಲೆನಾಡಿನ ಮನೆಗೆ ಅಂಗಳವೇ ಮುಖ. ಸೂರ್ಯೋದಯಕ್ಕೆ ಮುನ್ನ ಅಂಗಳ ಸಾರಿಸಿ ರಂಗವಲ್ಲಿ ಇಟ್ಟ ಗೃಹಿಣಿಯು ಪುಟ್ಟ ಬುಟ್ಟಿಯೊಂದನ್ನು ಹಿಡಿದು ಹೂವಿನ ಗಿಡಗಳ ಬಳಿಗೆ ನಡೆಯುವ ದೃಶ್ಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳ ಹಳ್ಳಿಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ದಾಸವಾಳ, ನಂದಬಟ್ಟಲು, ಕಣಗಿಲೆ, ಪಾರಿಜಾತ, ಡೇರೆ ಇವೆಲ್ಲ ಕೇಳದೆಯೇ ಕೊಡುವ ಗಿಡಗಳು. ಅವುಗಳ ನಡುವೆ ಕಾದು, ಉಪಚರಿಸಿ ಪಡೆಯಬೇಕಾದ ಹೂವೊಂದಿದೆ. ಅದೇ ಗುಲಾಬಿ.

"ನಮ್ಮ ಮಳೆಗೆ ಗುಲಾಬಿ ನಿಲ್ಲುವುದಿಲ್ಲ" ಎಂಬ ಮಾತು ನಮ್ಮ ಭಾಗದಲ್ಲಿ ಸರ್ವೇಸಾಮಾನ್ಯ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಸಿಕ್ಕಿದ ಗಿಡವನ್ನು ಸಿಕ್ಕಿದ ಕಾಲದಲ್ಲಿ ನೆಟ್ಟು, ಬಯಲುಸೀಮೆಯ ಕ್ರಮದಲ್ಲಿ ಆರೈಕೆ ಮಾಡಿದರೆ ಅದು ಖಂಡಿತ ನಿಲ್ಲದು. ಮಳೆಯ ಸ್ವಭಾವವರಿತು ಗಿಡವನ್ನು ಆರಿಸಿ, ಕತ್ತರಿಗೆ ಕಾಲ ಗೊತ್ತುಮಾಡಿಕೊಂಡರೆ, ವರ್ಷದ ಏಳೆಂಟು ತಿಂಗಳು ಮನೆಯ ಪೂಜೆಗೂ ಮುಡಿಗೂ ಸಾಕಾಗುವಷ್ಟು ಹೂವು ಅಂಗಳದಲ್ಲಿಯೇ ದೊರೆಯುತ್ತದೆ. ಇದನ್ನು ನಾನು ಕಲಿತದ್ದು ಒಂದು ಗಿಡವನ್ನು ಕಳೆದುಕೊಂಡ ಮೇಲೆ. ಆ ಕಥೆಯನ್ನು ಮೊದಲು ಹೇಳುವುದು ಉಚಿತ.

ಅತ್ತೆಯವರ ಪನ್ನೀರು ಗಿಡ

ಕೊಪ್ಪದ ಬಳಿಯ ಹಳ್ಳಿಯೊಂದಕ್ಕೆ ನಾನು ಸೊಸೆಯಾಗಿ ಬಂದಾಗ ಕೊಟ್ಟಿಗೆಯ ಪಕ್ಕದಲ್ಲಿ ಎದೆಯೆತ್ತರದ ಪನ್ನೀರು ಗುಲಾಬಿ ಗಿಡವೊಂದಿತ್ತು. ಅತ್ತೆಯವರು ತಮ್ಮ ತವರಿನಿಂದ ತಂದು ನೆಟ್ಟದ್ದು. ಅದಕ್ಕೆ ವಿಶೇಷ ಉಪಚಾರವೇನೂ ಇರಲಿಲ್ಲ. ಆದರೂ ದೀಪಾವಳಿಯಿಂದ ಮುಂಗಾರಿನವರೆಗೆ ಗೊಂಚಲು ಗೊಂಚಲಾಗಿ ತಿಳಿಗೆಂಪು ಹೂವು ಬಿಡುತ್ತಿತ್ತು. ಹೂವು ದೊಡ್ಡದಲ್ಲ, ಕೊಯ್ದ ಮೇಲೆ ಬಹಳ ಹೊತ್ತು ಬಾಳುವುದೂ ಇಲ್ಲ. ಆದರೆ ಆ ಪರಿಮಳ ಜಗಲಿಯವರೆಗೂ ಬರುತ್ತಿತ್ತು.

ನನಗೋ ಬಣ್ಣದ ಗುಲಾಬಿಯ ಆಸೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನೋಡಿ ಬಂದವಳು, ಹತ್ತು ಕಸಿ ಗಿಡಗಳನ್ನು ಕೊಂಡು ತಂದು ಮೇ ತಿಂಗಳಿನಲ್ಲಿ ಅಂಗಳದ ಅಂಚಿಗೆ ಸಾಲಾಗಿ ನೆಟ್ಟೆ. ಮೊದಲ ಹೂವು ನೋಡಿ ಮನೆಮಂದಿಯೆಲ್ಲ ಹಿಗ್ಗಿದರು. ಅನಂತರ ಮುಂಗಾರು ಬಂತು. ಆರಿದ್ರಾ ಮಳೆಗೆ ಎಲೆಗಳ ಮೇಲೆ ಕಪ್ಪು ಚುಕ್ಕೆ ಮೂಡಿತು. ಪುನರ್ವಸು ಮುಗಿಯುವಷ್ಟರಲ್ಲಿ ಎಲೆ ಹಳದಿಯಾಗಿ ಉದುರಿತು. ಪುಷ್ಯ ಮಳೆಯ ಹೊತ್ತಿಗೆ ಹತ್ತೂ ಗಿಡಗಳು ಬರಿಯ ಮುಳ್ಳಿನ ಕಡ್ಡಿಗಳಾಗಿ ನಿಂತಿದ್ದವು.

ಪನ್ನೀರು ಗಿಡದಲ್ಲಿಯೂ ಚುಕ್ಕೆ ಕಂಡಿತು. ಗಾಬರಿಗೊಂಡ ನಾನು, ರೋಗ ಹಿಡಿದ ಭಾಗವನ್ನು ತೆಗೆದರೆ ಗಿಡ ಉಳಿದೀತೆಂದು, ಜಡಿಮಳೆಯ ನಡುವೆಯೇ ಕತ್ತರಿ ಹಿಡಿದು ಅದನ್ನು ಒಂದು ಅಡಿಗೆ ಸವರಿಬಿಟ್ಟೆ. ಕತ್ತರಿಸಿದ ತುದಿಗಳು ಒಣಗಲು ಬಿಸಿಲೇ ಇರಲಿಲ್ಲ. ತುದಿ ಕಪ್ಪಾಯಿತು. ಆ ಕಪ್ಪು ದಿನದಿನಕ್ಕೆ ಇಳಿದು ಬುಡ ಸೇರಿತು. ನವರಾತ್ರಿಯ ಹೊತ್ತಿಗೆ ಅತ್ತೆಯವರ ತವರಿನ ಗಿಡ ಸತ್ತಿತ್ತು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಬುಟ್ಟಿ ಹಿಡಿದು ಹೊರಟವರು ಅಭ್ಯಾಸಬಲದಿಂದ ಕೊಟ್ಟಿಗೆಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟು ಹಿಂತಿರುಗಿದ್ದನ್ನು ಮಾತ್ರ ನಾನು ನೋಡಿದೆ. ಆ ದಿನದಿಂದ ಗುಲಾಬಿಯ ವಿಷಯವನ್ನು ತಿಳಿದು ಮಾಡಬೇಕೆಂಬ ಹಟ ಹುಟ್ಟಿತು.

ಪನ್ನೀರು ಬಂದ ದಾರಿ

ನಮ್ಮ ಹಿತ್ತಲಿನ ಪನ್ನೀರು ಗುಲಾಬಿಗೆ ದೊಡ್ಡ ಪ್ರವಾಸದ ಇತಿಹಾಸವಿದೆ. ಹಿಂದೂ ಮಹಾಸಾಗರದಲ್ಲಿ ರಿಯೂನಿಯನ್ ಎಂಬ ದ್ವೀಪವಿದೆ. ಹಿಂದೆ ಅದಕ್ಕೆ ಬೋರ್ಬನ್ ದ್ವೀಪ ಎಂಬ ಹೆಸರಿತ್ತು. ಅಲ್ಲಿನ ರೈತರು ಹೊಲದ ಬೇಲಿಗೆ ಚೀನಾ ಮೂಲದ ಗುಲಾಬಿಯನ್ನೂ ಡಮಾಸ್ಕಸ್ ಗುಲಾಬಿಯನ್ನೂ ಒಟ್ಟಿಗೆ ಬೆಳೆಸುತ್ತಿದ್ದರು. ಎರಡರ ಸಹಜ ಸಂಕರದಿಂದ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೊಸದೊಂದು ಗುಲಾಬಿ ಅಲ್ಲಿ ಕಂಡುಬಂತು. ಅದಕ್ಕೆ ಎಡ್ವರ್ಡ್ ಗುಲಾಬಿ ಎಂದು ಹೆಸರಾಯಿತು. ಚೀನಾ ಗುಲಾಬಿಯಿಂದ ಮತ್ತೆ ಮತ್ತೆ ಹೂಬಿಡುವ ಗುಣವನ್ನೂ, ಡಮಾಸ್ಕಸ್ ಗುಲಾಬಿಯಿಂದ ಪರಿಮಳವನ್ನೂ ಅದು ಪಡೆದಿತ್ತು. ದಕ್ಷಿಣ ಭಾರತದಲ್ಲಿ ಪನ್ನೀರು ಎಂದು ಕರೆಯಲ್ಪಡುವ ಗಿಡ ಇದೇ ಎಂದು ಗುಲಾಬಿ ತಜ್ಞರು ಗುರುತಿಸಿದ್ದಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಒಂದೇ ದಿನದಲ್ಲಿ ಅತಿ ಹೆಚ್ಚು ಮಳೆ ಸುರಿದ ವಿಶ್ವದಾಖಲೆ ಇರುವುದು ಅದೇ ದ್ವೀಪದ ಹೆಸರಿನಲ್ಲಿ. 1966ರ ಜನವರಿಯಲ್ಲಿ ಅಲ್ಲಿನ ಬೆಟ್ಟದ ಮೇಲೆ 24 ಗಂಟೆಗಳಲ್ಲಿ 1,825 ಮಿಲಿಮೀಟರ್ ಮಳೆಯಾಯಿತು. ಅಂತಹ ಮಳೆನಾಡಿನಲ್ಲಿ ಹುಟ್ಟಿದ ಹೂವು ನಮ್ಮ ಮಳೆಗೆ ಹೊಂದಿಕೊಂಡಿದ್ದರಲ್ಲಿ ಆಶ್ಚರ್ಯವೇನು? ಚುಕ್ಕೆ ರೋಗ ಅದಕ್ಕೂ ಬರುತ್ತದೆ. ಆದರೆ ತನ್ನ ಸ್ವಂತ ಬೇರಿನ ಮೇಲೆ ನಿಂತಿರುವುದರಿಂದ ಮಳೆ ನಿಂತ ಕೂಡಲೇ ಬುಡದಿಂದ ಹೊಸ ಚಿಗುರು ಹೊಮ್ಮಿಸಿ ಚೇತರಿಸಿಕೊಳ್ಳುತ್ತದೆ.

ಅಂಗಡಿಯಲ್ಲಿ ದೊರೆಯುವ ದೊಡ್ಡ ಹೂವಿನ ಗುಲಾಬಿಗಳು ಬೇರೆ ವಂಶದವು. 1867ರಲ್ಲಿ ಫ್ರಾನ್ಸಿನಲ್ಲಿ ಬಿಡುಗಡೆಯಾದ 'ಲಾ ಫ್ರಾನ್ಸ್' ಎಂಬ ತಳಿಯಿಂದ ಈ ಹೈಬ್ರಿಡ್ ಟೀ ವರ್ಗದ ಲೆಕ್ಕ ಆರಂಭವಾಗುತ್ತದೆ. ಇವುಗಳಲ್ಲಿ ಬಹುಪಾಲು ತಂಪು ದೇಶಗಳ ಹವೆಗೆಂದು ಬೆಳೆಸಿದವು. ನಮ್ಮ ದೇಶದ ಹವೆಗೆ ಹೊಂದುವ ಗುಲಾಬಿಯನ್ನು ರೂಪಿಸಲು ಹೊರಟವರಲ್ಲಿ ಅಗ್ರಗಣ್ಯರು ಡಾ. ಬಿ.ಪಿ. ಪಾಲ್. ಗೋಧಿಯ ತುಕ್ಕು ರೋಗವನ್ನು ತಡೆಯುವ ತಳಿಗಳಿಗಾಗಿ ಶ್ರಮಿಸಿದ ಈ ವಿಜ್ಞಾನಿ 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪ್ರಥಮ ಮಹಾನಿರ್ದೇಶಕರಾದರು. ಬಿಡುವಿನ ವೇಳೆಯಲ್ಲಿ ಅವರು ಬೆಳೆಸಿದ 'ಡೆಲ್ಲಿ ಪ್ರಿನ್ಸೆಸ್', 'ಡಾ. ಹೋಮಿ ಭಾಭಾ' ಮೊದಲಾದ ತಳಿಗಳು ಪ್ರಸಿದ್ಧವಾಗಿವೆ. ಕೊಡೈಕೆನಾಲಿನ ವೀರು ವೀರರಾಘವನ್ ಮತ್ತು ಗಿರಿಜಾ ವೀರರಾಘವನ್ ದಂಪತಿಗಳು ನಮ್ಮ ದೇಶದ ಎರಡು ಕಾಡುಗುಲಾಬಿಗಳನ್ನು ಹಿಡಿದು ಈ ಕಾರ್ಯವನ್ನು ಮುಂದುವರಿಸಿದರು. ಅವುಗಳಲ್ಲಿ ಒಂದು ಮಣಿಪುರದ ಬೆಟ್ಟಗಳದ್ದು. ಇನ್ನೊಂದು ನೀರಿನ ದಡದಲ್ಲಿ ಬೆಳೆದು, ಬೇರು ನೀರಿನಲ್ಲಿ ಮುಳುಗಿದರೂ ಬದುಕುವಂಥದ್ದು.

ಮೂರು ತಾಲೂಕು, ಮೂರು ಬಗೆಯ ಮಳೆ

ಮಲೆನಾಡು ಎಂದು ಒಂದೇ ಮಾತಿನಲ್ಲಿ ಹೇಳಿದರೂ ನಮ್ಮ ಮೂರು ತಾಲೂಕುಗಳ ಮಳೆ ಒಂದೇ ತೆರನಲ್ಲ. ಘಟ್ಟದ ಅಂಚಿಗೆ ಹತ್ತಿರವಿರುವ ಶೃಂಗೇರಿಯಲ್ಲಿ ಮಳೆ ಅತ್ಯಧಿಕ. ಅಲ್ಲಿಂದ ದೂರವಲ್ಲದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಕೊಪ್ಪದಲ್ಲಿ ಶೃಂಗೇರಿಗಿಂತ ಕಡಿಮೆ. ಪೂರ್ವಕ್ಕೆ ಸರಿದು, ಹಿಂದೆ ಎಡೇಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರಕ್ಕೆ ಬಂದರೆ ಇನ್ನೂ ಕಡಿಮೆ. ಭದ್ರಾ ಜಲಾಶಯದ ಹಿನ್ನೀರಿನ ಈ ಭಾಗದಲ್ಲಿ ಮಳೆಗಾಲದ ನಡುವೆಯೂ ಬಿಸಿಲು ಇಣುಕುವ ದಿನಗಳುಂಟು. ಆದುದರಿಂದ ಶೃಂಗೇರಿಯ ಮನೆಯಲ್ಲಿ ಸೋತ ಗಿಡ ನರಸಿಂಹರಾಜಪುರದಲ್ಲಿ ಗೆಲ್ಲಬಹುದು. ನೆರೆಯ ತಾಲೂಕಿನ ಬಂಧುಗಳ ಅನುಭವವನ್ನು ಹಾಗೆಯೇ ನಮ್ಮ ಅಂಗಳಕ್ಕೆ ಅನ್ವಯಿಸಬಾರದು.

ಹೊಸದಾಗಿ ಆರಂಭಿಸುವವರು ಮೊದಲು ಪನ್ನೀರು ಮತ್ತು ಬಟನ್ ಗುಲಾಬಿಗಳನ್ನು ಬೆಳೆಸಿ ಕೈ ಪಳಗಿಸಿಕೊಳ್ಳುವುದು ಒಳಿತು. ಆನಂತರ ಕಸಿ ಗಿಡ ತರುವಾಗ ಎಸಳು ಕಡಿಮೆಯಿರುವ, ದಪ್ಪ ಹೊಳಪು ಎಲೆಯ ತಳಿಗಳನ್ನು ಆರಿಸಬೇಕು. ತುಂಬು ಎಸಳಿನ ಮೊಗ್ಗು ಮಳೆಯಲ್ಲಿ ನೆನೆದರೆ ಹೊರಗಿನ ಎಸಳುಗಳು ಅಂಟಿಕೊಂಡು, ಅರಳದೆಯೇ ಕೊಳೆಯುತ್ತದೆ. ತೀರ ಇಷ್ಟವಾದ ಬಣ್ಣದ ಗಿಡವಿದ್ದರೆ ಕುಂಡದಲ್ಲಿ ಬೆಳೆಸಿ, ಮಳೆಗಾಲದ ನಾಲ್ಕು ತಿಂಗಳು ಮಳೆ ಬೀಳದ, ಬೆಳಕು ಬೀಳುವ ಜಗಲಿಯ ಅಂಚಿಗೆ ಸರಿಸುವುದೇ ಸುಲಭೋಪಾಯ. ಸೂರಿನ ನೀರು ನೇರವಾಗಿ ಕುಂಡಕ್ಕೆ ಬೀಳದಂತೆ ನೋಡಿಕೊಳ್ಳಬೇಕು.

ನೆಲ, ಗುಂಡಿ, ಗೊಬ್ಬರ

ಗುಲಾಬಿಗೆ ದಿನಕ್ಕೆ ಐದಾರು ಗಂಟೆಗಳ ಬಿಸಿಲು ಬೇಕು. ಅಡಿಕೆ ತೋಟದ ನೆರಳಿನಲ್ಲಿ ಅದು ಬೆಳೆಯದು. ಬೆಳಗಿನ ಬಿಸಿಲು ಬೀಳುವ ಪೂರ್ವದ ಅಂಗಳ ಶ್ರೇಷ್ಠ. ರಾತ್ರಿಯ ಇಬ್ಬನಿ ಬೇಗ ಆರಿದಷ್ಟೂ ರೋಗ ಕಡಿಮೆ.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಬೇಕು. ಗಿಡದಿಂದ ಗಿಡಕ್ಕೆ ಎರಡೂವರೆಯಿಂದ ಮೂರು ಅಡಿ ಅಂತರವಿರಲಿ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಮಳೆಯು ಸುಣ್ಣದ ಅಂಶವನ್ನು ತೊಳೆದುಬಿಡುವುದರಿಂದ ಹುಳಿ ಹೆಚ್ಚು. ಗುಲಾಬಿಗೆ ಅತಿ ಹುಳಿ ಒಗ್ಗದು. ಗುಂಡಿಯ ಮಣ್ಣಿಗೆ ಎರಡು ಮೂರು ಹಿಡಿ ಕೃಷಿ ಸುಣ್ಣ ಬೆರೆಸಿ ಮೂರು ವಾರ ಬಿಟ್ಟು, ಅನಂತರ ಗೊಬ್ಬರ ಸೇರಿಸಬೇಕು. ಸುಣ್ಣವನ್ನೂ ಗೊಬ್ಬರವನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಆವಿಯಾಗಿ ನಷ್ಟವಾಗುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ, ಬೇವಿನ ಹಿಂಡಿ ನಾಲ್ಕು ಹಿಡಿ, ಒಲೆಯ ಬೂದಿ ಎರಡು ಹಿಡಿ ಸಾಕು. ತೋಟಗಾರಿಕೆಯ ಪುಸ್ತಕಗಳಲ್ಲಿ ಎಲುಬಿನ ಪುಡಿಯನ್ನು ಹೇಳಿರುತ್ತಾರೆ. ಪೂಜೆಯ ಹೂವಿನ ಗಿಡಕ್ಕೆ ಅದನ್ನು ಹಾಕಲು ಮನಸ್ಸೊಪ್ಪದವರು ಅದರ ಬದಲು ಶಿಲಾರಂಜಕವನ್ನು ಬಳಸಬಹುದು. ಹುಳಿ ಮಣ್ಣಿನಲ್ಲಿ ಅದು ನಿಧಾನವಾಗಿ ಕರಗಿ ಗಿಡಕ್ಕೆ ದೊರೆಯುತ್ತದೆ.

ಗುಂಡಿಯನ್ನು ನೆಲಮಟ್ಟಕ್ಕೆ ಬಿಡದೆ ಅರ್ಧ ಅಡಿ ದಿಬ್ಬವಾಗುವಂತೆ ತುಂಬಿ, ಸುತ್ತ ನೀರು ಹರಿದುಹೋಗಲು ಚಿಕ್ಕ ಕಾಲುವೆ ತೆಗೆಯಬೇಕು. ಮಲೆನಾಡಿನಲ್ಲಿ ಗುಲಾಬಿ ಸಾಯುವುದು ಬಹುಮಟ್ಟಿಗೆ ಬೇರು ಕೊಳೆತು. ಕಸಿ ಗಿಡವನ್ನು ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಗಂಟಿನ ಕೆಳಗಿನಿಂದ ಹೊರಡುವ ಚಿಗುರನ್ನು ಕಂಡೊಡನೆ ಬುಡಸಮೇತ ಕಿತ್ತುಹಾಕಬೇಕು. ಅದು ಕಾಡುಗುಲಾಬಿಯ ಚಿಗುರು. ಬಿಟ್ಟರೆ ಮೇಲಿನ ಒಳ್ಳೆಯ ತಳಿಯನ್ನು ಅಡಗಿಸಿ ತಾನೇ ಬೆಳೆಯುತ್ತದೆ. "ಕೆಂಪು ಹೂವಿನ ಗಿಡ ತಂದಿದ್ದೆ, ಎರಡು ವರ್ಷಕ್ಕೆ ಬಿಳಿಯ ಪುಟ್ಟ ಹೂವು ಬಿಟ್ಟಿತು" ಎಂದು ಬೇಸರಪಡುವವರಿಗೆ ಉತ್ತರ ಇಲ್ಲಿದೆ.

ಕೊಳೆರೋಗ ಕಲಿಸಿದ ಪಾಠ

ಕಪ್ಪು ಚುಕ್ಕೆ ರೋಗ ಒಂದು ಶಿಲೀಂಧ್ರದಿಂದ ಬರುತ್ತದೆ. ಎಲೆಯು ಏಳೆಂಟು ಗಂಟೆ ಒಂದೇ ಸಮನೆ ಒದ್ದೆಯಾಗಿದ್ದರೆ ಅದರ ಬೀಜಾಣು ಮೊಳೆತು ಒಳಹೊಗುತ್ತದೆ. ಮಳೆಹನಿ ನೆಲಕ್ಕೆ ಬಿದ್ದು ಸಿಡಿದಾಗ, ಉದುರಿದ ಎಲೆಯಲ್ಲಿನ ಬೀಜಾಣು ಮೇಲಿನ ಎಲೆಗೆ ಏರುತ್ತದೆ. ನಮ್ಮ ಜನಕ್ಕೆ ಇದು ಅಪರಿಚಿತ ವಿಷಯವಲ್ಲ. ಅಡಿಕೆಯ ಕೊಳೆರೋಗವನ್ನು ತಲೆತಲಾಂತರದಿಂದ ಕಂಡವರು ನಾವು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಷ್ಟು ಹಿಂದೆಯೇ ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ತೋಟಗಳಿಗೆ ಪರಿಚಯಿಸಿದರು. ಕಾಫಿಯ ಎಲೆರೋಗಕ್ಕೆ ಪರಿಹಾರ ಹುಡುಕಲು 1915ರಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವೊಂದು ಆರಂಭವಾದದ್ದು ನಮ್ಮ ಕೊಪ್ಪದಲ್ಲಿಯೇ. ಶ್ರೀ ರಂಭಾಪುರಿ ಪೀಠದಿಂದ ಪಾವನವಾದ ಭದ್ರಾತೀರದ ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಮಳೆ ಮತ್ತು ಶಿಲೀಂಧ್ರದ ಈ ಜಗಳದಲ್ಲಿ ನಮ್ಮ ಸೀಮೆಗೆ ನೂರು ವರ್ಷಗಳಿಗೂ ಹೆಚ್ಚಿನ ಅನುಭವವಿದೆ.

ಆ ಪಾಠವೆಂದರೆ, ರೋಗ ಬರುವ ಮುನ್ನವೇ ಎಚ್ಚರವಹಿಸುವುದು. ಮೇ ಕೊನೆಯಲ್ಲಿ ಗಿಡದ ಕೆಳಗಿನ ಒಂದು ಅಡಿಯವರೆಗಿನ ಎಲೆಗಳನ್ನು ಬಿಡಿಸಿ, ಬುಡದ ಹಳೆಯ ಎಲೆಗಳನ್ನು ಆಯ್ದು ಸುಟ್ಟು, ಬುಡಕ್ಕೆ ಒಣ ದರಗಿನ ಹೊದಿಕೆ ಕೊಡಬೇಕು. ಹೊದಿಕೆಯಿದ್ದರೆ ಮಣ್ಣು ಸಿಡಿಯದು. ಅದು ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಬೇಕು. ಅಡಿಕೆಗೆ ಮೊದಲ ಔಷಧಿ ಹೊಡೆಯುವ ಸಮಯದಲ್ಲಿ, ಅದರ ಅರ್ಧದಷ್ಟು ಸಾರದ ದ್ರಾವಣವನ್ನು ಗುಲಾಬಿಗೂ ಸಿಂಪಡಿಸಬಹುದು. ಅಂದರೆ ಹತ್ತು ಲೀಟರ್ ನೀರಿಗೆ ಮೈಲುತುತ್ತ 50 ಗ್ರಾಂ, ಸುಣ್ಣ 50 ಗ್ರಾಂ. ಎರಡನ್ನೂ ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯಬೇಕು. ಮೊದಲು ಒಂದೆರಡು ರೆಂಬೆಗಳಿಗೆ ಸಿಂಪಡಿಸಿ, ಎಲೆ ಸುಡುವುದಿಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆ ಮುಂದುವರಿಯುವುದು ಕ್ಷೇಮ.

ಇಲ್ಲಿ ಸಹೋದರಿಯರಿಗೆ ಒಂದು ವಿನಂತಿ. ಹೂವಿನ ಮೇಲೆ ಹುಳು ಕಂಡ ಕೂಡಲೇ ತೋಟಕ್ಕೆ ತಂದಿಟ್ಟ ಉಗ್ರ ಕೀಟನಾಶಕವನ್ನು ಸಿಂಪಡಿಸಬೇಡಿ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ನಮ್ಮ ಮನೆಗಳಲ್ಲಿ ಹೂವು ಅಂಗೈಗೂ ಉಸಿರಿಗೂ ಅತಿ ಸಮೀಪಕ್ಕೆ ಬರುತ್ತದೆ. ಅದೇ ಹೂವನ್ನು ಮಕ್ಕಳು ಮುಡಿಯುತ್ತಾರೆ, ಕೆಲವೊಮ್ಮೆ ಎಸಳನ್ನು ಬಾಯಿಗೂ ಹಾಕಿಕೊಳ್ಳುತ್ತಾರೆ. ಚಿಗುರಿನ ಹೇನನ್ನು ನೀರಿನ ರಭಸದಿಂದ ತೊಳೆಯಬಹುದು, ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಿಂಪಡಿಸಬಹುದು. ನಾಲ್ಕು ಗಿಡವಿರುವ ಅಂಗಳಕ್ಕೆ ಇಷ್ಟು ಸಾಕು.

ಕತ್ತರಿಗೊಂದು ಕಾಲ

ನಾನು ಮಾಡಿದ ತಪ್ಪನ್ನು ಯಾರೂ ಮಾಡದಿರಲೆಂದು ಒತ್ತಿ ಹೇಳುತ್ತೇನೆ. ಆರಿದ್ರಾದಿಂದ ಹುಬ್ಬೆ ಮಳೆಯವರೆಗೆ ಗುಲಾಬಿಗೆ ಕತ್ತರಿ ಮುಟ್ಟಿಸಬಾರದು. ಎಲೆ ಉದುರಿದರೆ ಉದುರಲಿ, ಬಿದ್ದುದನ್ನು ಆಯ್ದು ತೆಗೆದರೆ ಸಾಕು. ಹಸ್ತ ಮಳೆ ಕಳೆದು ಚಿತ್ತಾ ಕಾಲಿಟ್ಟಾಗ, ಎಂದರೆ ಅಕ್ಟೋಬರ್ ಮಧ್ಯದ ಹೊತ್ತಿಗೆ, ಎರಡು ಮೂರು ದಿನ ಬಿಸಿಲು ಕಂಡ ಮೇಲೆ ಸವರಬೇಕು. ಹೈಬ್ರಿಡ್ ಗಿಡವನ್ನು ಅರ್ಧಕ್ಕೆ, ಪನ್ನೀರು ಮತ್ತು ಬಟನ್ ಗಿಡಗಳನ್ನು ಮೂರನೆಯ ಒಂದು ಭಾಗ ಮಾತ್ರ ಸವರಿದರೆ ಸಾಕು. ಒಣಗಿದ, ಒಳಮುಖವಾಗಿ ಬೆಳೆದ ಕಡ್ಡಿಗಳನ್ನು ಪೂರ್ತಿ ತೆಗೆಯಬೇಕು. ಹೊರಮುಖವಾಗಿರುವ ಕಣ್ಣಿನ ಕಾಲಂಗುಲ ಮೇಲೆ ಓರೆಯಾಗಿ ಕತ್ತರಿಸಿ, ಆ ಗಾಯಕ್ಕೆ ಕೂಡಲೇ ಬೋರ್ಡೋ ಮುಲಾಮು ಹಚ್ಚಬೇಕು. ಅರ್ಧ ಲೀಟರ್ ನೀರಿನಲ್ಲಿ ನೂರು ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರಿನಲ್ಲಿ ನೂರು ಗ್ರಾಂ ಸುಣ್ಣ ಕದಡಿ ಬೆರೆಸಿದರೆ ಮುಲಾಮು ಸಿದ್ಧ. ಆಮೇಲೆ ಬುಡ ಬಿಡಿಸಿ ಗೊಬ್ಬರ ಕೊಡಬೇಕು.

ಸವರಿದ ಸುಮಾರು 45 ದಿನಗಳಿಗೆ ಹೂವು ಬರುತ್ತದೆ. ಚಳಿ ಹೆಚ್ಚಿದ್ದರೆ ಇನ್ನೊಂದು ವಾರ ತಡವಾದೀತು. ಈ ಲೆಕ್ಕ ತಿಳಿದರೆ ಹಬ್ಬಕ್ಕೆ ಹೂವು ಕೊಳ್ಳಬೇಕಾಗಿಲ್ಲ. ಅಕ್ಟೋಬರಿನಲ್ಲಿ ಸವರಿದ ಗಿಡ ಡಿಸೆಂಬರಿನ ಆರಂಭದಲ್ಲಿ ತುಂಬಿ ನಿಲ್ಲುತ್ತದೆ. ಮಹಾಶಿವರಾತ್ರಿಗೆ ಹೂವು ಬೇಕೆಂದರೆ ಪಂಚಾಂಗ ನೋಡಿ, ಹಬ್ಬದಿಂದ ಏಳು ವಾರ ಹಿಂದಕ್ಕೆ ಎಣಿಸಿ, ಅರಳಿ ಮುಗಿದ ಕಡ್ಡಿಗಳನ್ನು ಒಂದೊಂದು ಗೇಣು ಇಳಿಸಬೇಕು. ಬಸವ ಜಯಂತಿಗೆ ಬೇಕೆಂದರೆ ಆರು ವಾರ ಮುಂಚೆ ಅದೇ ಕೆಲಸ. ನಾಲ್ಕು ಗಿಡಗಳಿದ್ದು, ಎರಡೆರಡನ್ನು ಹದಿನೈದು ದಿನಗಳ ಅಂತರದಲ್ಲಿ ಸವರಿದರೆ ಅಂಗಳದಲ್ಲಿ ಹೂವು ತಪ್ಪುವುದಿಲ್ಲ.

ಅನುಭವಿಸುವ ಬಗೆ

ಹೂವನ್ನು ಬೆಳಗಿನ ತಂಪಿನಲ್ಲಿಯೇ ಕೊಯ್ಯಬೇಕು. ಬಿಸಿಲೇರಿದಂತೆ ಪರಿಮಳದ ತೈಲ ಆವಿಯಾಗುತ್ತದೆ. ತೊಟ್ಟನ್ನು ಕೈಯಿಂದ ಕೀಳದೆ, ಐದೆಲೆಯ ಗರಿಯ ಮೇಲೆ ಕತ್ತರಿಸಿದರೆ ಅಲ್ಲಿಂದಲೇ ಹೊಸ ಚಿಗುರು ಹೊರಡುತ್ತದೆ. ಪೂಜೆಗೆ ಬೇಕಾದಷ್ಟು ಕೊಯ್ದು ಗಿಡದಲ್ಲಿಯೂ ನಾಲ್ಕು ಉಳಿಸುವುದು ಅತ್ತೆಯವರ ಪದ್ಧತಿ. ಹಾದಿಯಲ್ಲಿ ಹೋಗುವವರ ಕಣ್ಣಿಗೂ ಜೇನಿಗೂ ಪಾಲಿರಬೇಕೆಂದು ಅವರು ಹೇಳುತ್ತಿದ್ದರು.

ಹೂವು ಹೆಚ್ಚಾದಾಗ ಪನ್ನೀರಿನ ಎಸಳಿನಿಂದ ಗುಲ್ಕನ್ ಮಾಡಬಹುದು. ಔಷಧಿ ತಾಗದ ಎಸಳನ್ನು ಮಾತ್ರ ತೊಳೆದು, ನೀರಿನ ಪಸೆಯಿಲ್ಲದಂತೆ ನೆರಳಿನಲ್ಲಿ ಆರಿಸಿ, ಎಸಳಿನ ತೂಕದಷ್ಟೇ ಸಕ್ಕರೆಯೊಡನೆ ಗಾಜಿನ ಭರಣಿಯಲ್ಲಿ ಪದರ ಪದರವಾಗಿ ತುಂಬಬೇಕು. ಮೂರು ನಾಲ್ಕು ವಾರ ಬಿಸಿಲಿನಲ್ಲಿಟ್ಟು ದಿನಕ್ಕೊಮ್ಮೆ ಒಣ ಚಮಚದಿಂದ ಕಲಕಬೇಕು. ನಮ್ಮಲ್ಲಿ ಇದಕ್ಕೆ ಫೆಬ್ರವರಿ, ಮಾರ್ಚ್ ತಿಂಗಳ ಬಿಸಿಲೇ ಸರಿ. ಬೇಸಿಗೆಯಲ್ಲಿ ಹಾಲಿನೊಡನೆ ಮಕ್ಕಳಿಗೆ ಕೊಟ್ಟರೆ ಅಂಗಡಿಯ ಪಾನೀಯವನ್ನು ಅವರು ಕೇಳುವುದಿಲ್ಲ.

ಹಂಚಿದ್ದು ಉಳಿಯಿತು

ನಾನು ಕೊಂದ ಗಿಡದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅತ್ತೆಯವರು ಹಿಂದೊಮ್ಮೆ ಮೃಗಶಿರಾ ಮಳೆಯಲ್ಲಿ ಅದರ ಕಡ್ಡಿಗಳನ್ನು ಶೃಂಗೇರಿ ಕಡೆಯ ನನ್ನ ತಂಗಿಗೂ, ನರಸಿಂಹರಾಜಪುರದ ನಾದಿನಿಗೂ ಕೊಟ್ಟಿದ್ದರು. ಶೃಂಗೇರಿಯ ಕಡ್ಡಿ ಎರಡು ವರ್ಷ ಕುಂಟಿ, ಸೂರಿನ ನೀರು ಬೀಳದ ದಿಬ್ಬಕ್ಕೆ ಕಿತ್ತು ನೆಟ್ಟ ಮೇಲೆ ಚೇತರಿಸಿಕೊಂಡಿತು. ನಾದಿನಿಯ ಮನೆಯದು ಬೇಲಿಯ ಮೇಲೆ ಹಬ್ಬಿ, ಆಷಾಢದಲ್ಲಿಯೂ ಒಂದೆರಡು ಹೂವು ಬಿಡುವಷ್ಟು ಸೊಂಪಾಗಿ ಬೆಳೆದಿತ್ತು. ಮರುವರ್ಷ ಅಲ್ಲಿಂದ ಹನ್ನೆರಡು ಕಡ್ಡಿ ತಂದೆ. ಪೆನ್ಸಿಲ್ ದಪ್ಪ, ಗೇಣುದ್ದ, ನಾಲ್ಕು ಕಣ್ಣಿರುವ ಕಡ್ಡಿಗಳು. ಮರಳು ಮಿಶ್ರಿತ ಮಣ್ಣಿನಲ್ಲಿ ಎರಡು ಕಣ್ಣು ಹೂಳುವಂತೆ ನೆಟ್ಟು, ನೇರ ಮಳೆ ಬೀಳದಲ್ಲಿ ಇಟ್ಟೆ. ಐದು ಬೇರು ಬಿಟ್ಟವು. ಚಿತ್ತಾ ಮಳೆಯ ನಂತರ ಅದರಲ್ಲಿ ಒಂದನ್ನು ಕೊಟ್ಟಿಗೆಯ ಪಕ್ಕದಲ್ಲಿ, ಹಳೆಯ ಜಾಗದಿಂದ ಎರಡಡಿ ಸರಿಸಿ ನೆಟ್ಟೆ.

ಮೊದಲ ಹೂವನ್ನು ಅತ್ತೆಯವರ ಕೈಯಲ್ಲಿಟ್ಟಾಗ ಅವರು ಅದನ್ನು ಮೂಸಿ ನೋಡಿ, "ಅದೇ" ಎಂದರು. ಆಮೇಲೆ ಪೂಜೆಗೆ ಕುಳಿತರು.

ಇಂದು ಅತ್ತೆಯವರಿಲ್ಲ. ಗಿಡವಿದೆ. ಪ್ರತಿ ವರ್ಷ ಮೃಗಶಿರಾ ಬಂದಾಗ ಹತ್ತಾರು ಕಡ್ಡಿಗಳನ್ನು ಕಟ್ಟಿಟ್ಟು, ಮನೆಗೆ ಬಂದ ಹೆಣ್ಣುಮಕ್ಕಳ ಕೈಗೆ ಅರಿಶಿನ ಕುಂಕುಮದೊಡನೆ ಕೊಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಒಂದೇ ಮನೆಯಲ್ಲಿರುವ ಗಿಡಕ್ಕೆ ಒಂದು ಕೆಟ್ಟ ಮಳೆಗಾಲ ಸಾಕು. ಹತ್ತು ಮನೆಗಳಿಗೆ ಹೋದ ಗಿಡ ಒಂದಲ್ಲ ಒಂದು ಅಂಗಳದಲ್ಲಿ ಉಳಿದಿರುತ್ತದೆ. ಓದುಗರೂ ತಮ್ಮ ಮನೆಯ ಹಿತ್ತಲಿನಲ್ಲಿ ಅಜ್ಜಿಯ ಕಾಲದ ಪನ್ನೀರು ಗಿಡವೇನಾದರೂ ಉಳಿದಿದ್ದರೆ ಬರುವ ಮುಂಗಾರಿನಲ್ಲಿ ಅದರ ನಾಲ್ಕು ಕಡ್ಡಿಗಳನ್ನು ನೆರೆಮನೆಗೆ ಕೊಡಲಿ ಎಂದು ಪ್ರಾರ್ಥಿಸುತ್ತೇನೆ.